ಕರಿ ಟೈಟ್ಸ್, ಒಂದು ಹೊಕ್ಕುಳು, ಒಂದು ಜಾಡಿ ಬೀನ್ಸ್ ಕಾಳು

2025ರ ನವೆಂಬರ್ 17ರಂದು ಕೆಸ್ಲರ್ ಅವಳಿಗಳು ತೀರಿಕೊಂಡ ಸುದ್ದಿ ಬಂತು. ಆಲಿಸ್ ಮತ್ತು ಎಲೆನ್. ಹುಟ್ಟಿದ್ದು ಜರ್ಮನಿಯಲ್ಲಿ, ಹೆಸರು ಮಾಡಿದ್ದು ಇಟಲಿಯ ಟಿವಿಯಲ್ಲಿ. ಇಬ್ಬರಿಗೂ 89 ವರ್ಷ, ಹೋದದ್ದೂ ಒಂದೇ ದಿನ. ಆ ರಾತ್ರಿ ಸುಮ್ನೆ ಅವರದೊಂದು ಹಳೇ ವಿಡಿಯೊ ಹಾಕಿಕೊಂಡೆ. ಹತ್ತು ನಿಮಿಷ ನೋಡಿ ಮಲಗೋಣ ಅಂದುಕೊಂಡವನು ಎದ್ದಾಗ ಎರಡು ಗಂಟೆ. ಅಲ್ಲಿಂದ ಇದೇ ಗೀಳು. ಮನೆಯಲ್ಲಿ ಬೈಸಿಕೊಂಡಿದ್ದೂ ಆಯ್ತು.

ವಿಡಿಯೊ 'ಸ್ಟುಡಿಯೊ ಊನೊ' ಕಾರ್ಯಕ್ರಮದ್ದು. 1961ರಲ್ಲಿ ಶುರುವಾದ ಶನಿವಾರ ರಾತ್ರಿಯ ವೆರೈಟಿ ಶೋ. ಹಾಡು, ಕುಣಿತ, ತಮಾಷೆ, ಅತಿಥಿಗಳು, ಎಲ್ಲಾ ಒಂದೇ ಗಂಟಿನಲ್ಲಿ. ನಿರ್ದೇಶಕ ಅಂತೊನೆಲ್ಲೊ ಫಾಲ್ಕ್ವಿ. ಕಪ್ಪು ಬಿಳುಪು ಚಿತ್ರ, ಹಿಂದೆ ಹೆಚ್ಚುಕಮ್ಮಿ ಖಾಲಿ ಗೋಡೆ. ಎತ್ತರದ ಇಬ್ಬರು ಹುಡುಗಿಯರು 'ದಾ-ದಾ-ಉನ್-ಪಾ' ಅಂತ ಹಾಡುತ್ತಾ ಕಾಲು ಎತ್ತುತ್ತಾರೆ. ಒಬ್ಬಳ ಪಕ್ಕ ಕನ್ನಡಿ ಇಟ್ಟ ಹಾಗೆ. ನನ್ನ ಕಣ್ಣು ಮಾತ್ರ ಅವರ ಟೈಟ್ಸ್ ಮೇಲೆ ನಿಂತಿತು. ಚಳಿಗಾಲಕ್ಕೆ ಹಾಕಿಕೊಳ್ಳುವಂಥ ದಪ್ಪನೆಯ ಕರಿ ಟೈಟ್ಸ್. ಕುಣಿಯುವವರಿಗೆ ಇದ್ಯಾಕೆ?

ಸರ್ಕಾರಿ ಟಿವಿ ಸಂಸ್ಥೆ ರಾಯ್‌ಗೆ ಕಾಲಿನ ಚರ್ಮ ಕಂಡರೆ ಭಯ, ಅದಕ್ಕೆ. 1954ರ ಜನವರಿ 3ರಂದು ಇಟಲಿಯಲ್ಲಿ ಟಿವಿ ಶುರುವಾದಾಗ ಇದ್ದದ್ದು ಅದೊಂದೇ ಚಾನೆಲ್. ಮೇಲೆ ಕ್ರಿಶ್ಚಿಯನ್ ಡೆಮೋಕ್ರಾಟ್ ಪಕ್ಷದ ಸರ್ಕಾರ, ಪಕ್ಕದಲ್ಲೇ ವ್ಯಾಟಿಕನ್. 1956ರಲ್ಲಿ ಅಲ್ಬಾ ಅರ್ನೋವಾ ಅನ್ನುವ ನರ್ತಕಿ ಮೈಬಣ್ಣದ ಟೈಟ್ಸ್ ಹಾಕಿ ಕುಣಿದಿದ್ದಳು. ಕಪ್ಪು ಬಿಳುಪು ಪರದೆಯಲ್ಲಿ ಅದು ಬರಿಗಾಲಿನ ಹಾಗೆ ಕಂಡಿತು. ಶೋ ನಿಂತಿತು, ಅವಳಿಗೆ ಟಿವಿ ಬಾಗಿಲು ಮುಚ್ಚಿತು. ಹಾಕಿಕೊಂಡ ಬಟ್ಟೆಗೆ ಶಿಕ್ಷೆ! ಅದಾದ ಮೇಲೆ ಬಂದದ್ದೇ ಕೆಸ್ಲರ್ ಅವಳಿಗಳ ಕರಿ ಟೈಟ್ಸ್. ತಮಾಷೆ ಏನಂದ್ರೆ, ಬಿಳಿ ಹಿನ್ನೆಲೆಯಲ್ಲಿ ಆ ಕರಿ ಕಾಲುಗಳು ಇನ್ನಷ್ಟು ಎದ್ದು ಕಾಣುತ್ತವೆ. ಮುಚ್ಚಿದವರಿಗೆ ಇದು ಹೊಳೆದಿರಲಿಲ್ಲ ಅನ್ಸುತ್ತೆ.

ಬರೀ ನರ್ತಕಿಯರ ಪಾಡಷ್ಟೇ ಅಲ್ಲ. 1955ರಲ್ಲಿ ಮೈಕ್ ಬೊಂಜೊರ್ನೊ ನಡೆಸಿಕೊಡುತ್ತಿದ್ದ 'ಲಾಶಾ ಓ ರದ್ದೊಪ್ಪಿಯಾ' ಕ್ವಿಜ್ ಶುರುವಾಯ್ತು. ಬಿಡ್ತೀರೋ, ಡಬಲ್ ಮಾಡ್ತೀರೋ ಅಂತ ಅರ್ಥ. ದೊಡ್ಡ ಬಹುಮಾನ 51,20,000 ಲೀರಾ. ಕೊನೇ ಪ್ರಶ್ನೆಯಲ್ಲಿ ಸೋತವರಿಗೆ ಸಮಾಧಾನಕ್ಕೆ ಒಂದು ಫಿಯಟ್ 600 ಕಾರು. ಮೊದಲು ಶನಿವಾರ ಬರುತ್ತಿತ್ತು. ಸಿನಿಮಾ ಮಂದಿರದವರು ಹೊಟ್ಟೆ ಮೇಲೆ ಹೊಡೀತಿದ್ದೀರಿ ಅಂತ ಗಲಾಟೆ ಮಾಡಿದ್ದಕ್ಕೆ ಗುರುವಾರಕ್ಕೆ ಹೋಯಿತು. ಗುರುವಾರವೂ ಸೀಟು ಖಾಲಿ! ಕೊನೆಗೆ ಎಷ್ಟೋ ಥಿಯೇಟರಿನವರು ಒಳಗೇ ಟಿವಿ ಇಟ್ಟು, ಕ್ವಿಜ್ ಮುಗಿದ ಮೇಲೆ ಸಿನಿಮಾ ಹಾಕಿದರು. ಆ ಕ್ವಿಜ್‌ಗೆ ಕಸಾಲೆ ಮೊನ್ಫೆರ್ರಾತೊ ಊರಿನ ತಂಬಾಕು ಅಂಗಡಿಯ ಹೆಂಗಸೊಬ್ಬಳು ಬಂದಳು. ಅವಳ ವಿಷಯ ಗ್ರೀಕ್ ದುರಂತ ನಾಟಕಗಳು. ಉತ್ತರ ಪಟಪಟ ಹೇಳುತ್ತಿದ್ದಳು. ಮೇಲಿನವರು ನೋಡಿದ್ದು ಅವಳ ಎದೆಯನ್ನು. ಸಡಿಲವಾದ ಬಟ್ಟೆ ಹಾಕಿಕೊಂಡು ಬಾ ಅಂದರಂತೆ.

ಕತ್ತರಿ ಬಟ್ಟೆಗಷ್ಟೇ ಇರಲಿಲ್ಲ. 1962ರಲ್ಲಿ 'ಕಾಂತ್ಸೊನಿಸ್ಸಿಮಾ'ವನ್ನು ನಾಟಕಕಾರ ದಾರಿಯೊ ಫೋ ಮತ್ತು ಅವನ ಹೆಂಡತಿ, ನಟಿ ಫ್ರಾಂಕಾ ರಾಮೆ ಕೈಗೆ ಕೊಟ್ಟರು. ಲಾಟರಿಗೆ ಗಂಟು ಹಾಕಿದ್ದ ಹಾಡಿನ ಸ್ಪರ್ಧೆ ಅದು, ದೇಶವೇ ನೋಡುತ್ತಿತ್ತು. ಫೋ ಅಲ್ಲಿ ಒಂದು ಪ್ರಸಂಗ ಆಡಿದ. ಮಾಂಸದ ಕಾರ್ಖಾನೆಯ ಕೆಲಸಗಾರನನ್ನು ನೋಡೋಕೆ ಅವನ ದಪ್ಪ ಸೋದರತ್ತೆ ಬರುತ್ತಾಳೆ, ಕಾಲು ಜಾರಿ ಯಂತ್ರದೊಳಗೆ ಬೀಳುತ್ತಾಳೆ. ಉತ್ಪಾದನೆ ನಿಲ್ಲಿಸೋ ಹಾಗಿಲ್ಲ. ಅವನು ಅತ್ತೆಯನ್ನು ಡಬ್ಬಿಗಳಲ್ಲಿ ಮನೆಗೆ ಒಯ್ಯುತ್ತಾನೆ. ಗುರುವಾರ ರಾತ್ರಿ ಊಟದ ಹೊತ್ತಿಗೆ ಇದು! ಆಮೇಲೆ ಕಟ್ಟಡ ಕಾರ್ಮಿಕರ ಸುರಕ್ಷತೆ ಬಗ್ಗೆ ಬರೆದದ್ದಕ್ಕೆ ಕತ್ತರಿ ಬಿತ್ತು. ಇಬ್ಬರೂ ಶೋ ಬಿಟ್ಟು ಎದ್ದು ಹೋದರು. ಮತ್ತೆ ಆ ಪರದೆ ಮೇಲೆ ಬಂದದ್ದು 1977ರಲ್ಲಿ. ಫೋಗೆ 1997ರಲ್ಲಿ ನೊಬೆಲ್ ಬಂತು, ನಮ್ಮ ನಾಟಕದವರಿಗೆ ಗೊತ್ತೇ ಇದೆ.

ಗಾಯಕಿ ಮೀನಾ ಕಥೆ ಬೇರೆ. ಹೆಸರು ನಮ್ಮ ಬೀದಿಯ ಹುಡುಗಿಯ ಹಾಗಿದೆ, ದನಿ ಮಾತ್ರ ಹುಲಿಯದು. 'ಕ್ರೆಮೋನಾದ ಹುಲಿ' ಅಂತಲೇ ಕರೆಯುತ್ತಿದ್ದರು. 1963ರಲ್ಲಿ ಅವಳಿಗೆ ಮಗು ಹುಟ್ಟಿತು. ತಂದೆ ನಟ ಕೊರ್ರಾದೊ ಪಾನಿ, ಹೆಂಡತಿಯಿಂದ ದೂರ ಇದ್ದವನು. ವಿಚ್ಛೇದನ ಕೊಡೋಣ ಅಂದರೆ ಇಟಲಿಯಲ್ಲಿ ಆಗ ಆ ಕಾನೂನೇ ಇಲ್ಲ, ಅದು ಬಂದದ್ದು 1970ರಲ್ಲಿ. ರಾಯ್ ಅವಳನ್ನು ಹೊರಗಿಟ್ಟಿತು. ಜನ ಮಾತ್ರ ರೆಕಾರ್ಡ್ ಕೊಳ್ಳೋದನ್ನು ಬಿಡಲಿಲ್ಲ. 1965ರ ಹೊತ್ತಿಗೆ ಅದೇ 'ಸ್ಟುಡಿಯೊ ಊನೊ'ಗೆ ಅವಳೇ ಯಜಮಾನಿ. ನಿಯಮ ಮುರಿದವಳ ಕೈಗೇ ಶನಿವಾರ ಕೊಟ್ಟರು ನೋಡಿ.

ಇನ್ನು ರಫಾಯೆಲ್ಲಾ ಕರ್ರಾ. ಬೊಲೋನ್ಯಾ ಊರಿನ ಹುಡುಗಿ. 1970ರ 'ಕಾಂತ್ಸೊನಿಸ್ಸಿಮಾ'ದ ಶುರುವಿನ ಹಾಡಿಗೆ ಹೊಕ್ಕುಳು ಕಾಣುವ ಬಟ್ಟೆ ಹಾಕಿಕೊಂಡು ಬಂದಳು. ಅಷ್ಟಕ್ಕೇ ಹಗರಣ. ಸೀರೆ ಉಡುವ ನಾಡಿನವರಿಗೆ ಇದರಲ್ಲಿ ಏನಿದೆ ಅಂತಲೇ ಅರ್ಥ ಆಗಲ್ಲ. ಮುಂದಿನ ವರ್ಷ 'ತೂಕಾ ತೂಕಾ' ಅಂತ ಒಂದು ಕುಣಿತ. ಗಂಡು ಹೆಣ್ಣು ಎದುರುಬದುರು ನಿಂತು, ಬೆರಳ ತುದಿಯಲ್ಲಿ ಒಬ್ಬರನ್ನೊಬ್ಬರು ಮುಟ್ಟುವುದು. ಮಂಡಿ, ಸೊಂಟ, ಭುಜ. ನಾನು ಅದನ್ನು ಹಿಂದೆ ಮುಂದೆ ಓಡಿಸಿ ನಾಲ್ಕು ಸಲ ನೋಡಿದೆ. ಮಕ್ಕಳ ಆಟಕ್ಕಿಂತ ಜಾಸ್ತಿ ಏನೂ ಇಲ್ಲ. ಆದರೆ ಮೊದಲು ಕೈ ಚಾಚೋದು ಅವಳು. ತಲೆ ಹಿಂದಕ್ಕೆ ಎಸೆಯುತ್ತಾಳೆ, ಆ ಬಂಗಾರದ ಗಿಡ್ಡ ಕೂದಲು ಚದುರಿ ಮತ್ತೆ ತಾನಾಗೇ ಜಾಗಕ್ಕೆ ಬಂದು ಕೂರುತ್ತದೆ, ಅವಳು ನಗುತ್ತಾಳೆ. ದೊಡ್ಡವರಿಗೆ ತಡೆಯಲಾಗದ್ದು ಅದೇ ಇರಬೇಕು. ಕುಣಿತಕ್ಕೆ ತಡೆ ಬಿತ್ತು. ಆಗ ಇಟಲಿಯ ಮನೆಮನೆಯ ಹಾಸ್ಯನಟ ಆಲ್ಬೆರ್ತೊ ಸೋರ್ದಿ ಅತಿಥಿಯಾಗಿ ಬಂದು, ನಾನು ಅದನ್ನೇ ಕುಣಿಯೋದು ಅಂದ. ಸೋರ್ದಿಗೆ ಬೇಡ ಅನ್ನೋ ಧೈರ್ಯ ಯಾರಿಗಿತ್ತು! ಕುಣಿತ ಮರಳಿತು.

1974ರ 'ಮಿಲ್ಲೆಲೂಚಿ'ಯಲ್ಲಿ ಮೀನಾ, ಕರ್ರಾ ಇಬ್ಬರೂ ಒಟ್ಟಿಗೆ ನಡೆಸಿಕೊಟ್ಟರು. ಟಿವಿಯಲ್ಲಿ ಮೀನಾಳ ಕೊನೆಯ ಶೋ ಅದು. 1978ರ ನಂತರ ವೇದಿಕೆಗೂ ಬರಲಿಲ್ಲ. ಹಾಡು ಮಾತ್ರ ಬರುತ್ತಲೇ ಇವೆ, ಮುಖ ಇಲ್ಲದೆ.

1976ರಲ್ಲಿ ಸಂವಿಧಾನ ನ್ಯಾಯಾಲಯ ಖಾಸಗಿ ಸ್ಥಳೀಯ ಪ್ರಸಾರಕ್ಕೆ ದಾರಿ ಬಿಟ್ಟಿತು. ಉದ್ಯಮಿ ಬೆರ್ಲುಸ್ಕೋನಿಯ ಖಾಸಗಿ ಚಾನೆಲ್‌ಗಳು ಬಂದವು. 1983ರಲ್ಲಿ 'ಡ್ರೈವ್ ಇನ್' ಅನ್ನೋ ಹಾಸ್ಯದ ಶೋ ಬಂತು. ಅಲ್ಲಿ ಕತ್ತರಿ ಇಲ್ಲ, ಬಟ್ಟೆಯೂ ಅಷ್ಟಕ್ಕಷ್ಟೇ. 1988ರಲ್ಲಿ ಸುದ್ದಿಯನ್ನೇ ಗೇಲಿ ಮಾಡುವ 'ಸ್ತ್ರೀಶಾ ಲಾ ನೊತೀಸಿಯಾ', ಅದರ ಮೇಜಿನ ಮೇಲೆ ಕುಣಿಯುವ 'ವೇಲಿನೆ' ಹುಡುಗಿಯರು. ವೇಲಿನಾ ಅಂದರೆ ತೆಳು ಕಾಗದ. ಮುಸೊಲಿನಿ ಕಾಲದಲ್ಲಿ ಪತ್ರಿಕೆಗಳಿಗೆ ಏನು ಬರೆಯಬೇಕು ಅಂತ ಆಜ್ಞೆ ಬರುತ್ತಿದ್ದದ್ದು ಅಂಥ ಕಾಗದದಲ್ಲಿ. ಹುಡುಗಿಯರಿಗೆ ಆ ಹೆಸರು.

ಇದನ್ನೆಲ್ಲ ಕೇಳಿದ ಗೆಳೆಯನೊಬ್ಬ, "ಕರ್ರಾ ಬಿತ್ತಿದ್ದನ್ನೇ ತಾನೇ ಬೆರ್ಲುಸ್ಕೋನಿ ಕೊಯ್ದದ್ದು?" ಅಂದ. ನಾನು ಒಪ್ಪಲ್ಲ ಮಾರಾಯ. ಹೊಕ್ಕುಳು ಎರಡೂ ಕಡೆ ಇತ್ತು, ನಿಜ. ಒಂದು ಕಡೆ ಹೊಕ್ಕುಳಿನವಳ ಕೈಯಲ್ಲೇ ಮೈಕ್ ಇತ್ತು. ಹಾಡು ಅವಳದು, ಮಾತು ಅವಳದು, ಅತಿಥಿಯನ್ನು ಕರೆಯೋಳು ಅವಳು. ಇನ್ನೊಂದು ಕಡೆ ಮಾತೆಲ್ಲ ಕೋಟು ಹಾಕಿದ ಗಂಡಸರದು, ಹುಡುಗಿಯರು ನಗಬೇಕು, ಕುಣಿಯಬೇಕು, ಇಳಿದು ಹೋಗಬೇಕು. ಕತ್ತರಿ ಇದ್ದಿದ್ದೇ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ, ಅರ್ನೋವಾಗೆ ಆದದ್ದು ಅನ್ಯಾಯವೇ. ಮೈಕ್ ಯಾರ ಕೈಯಲ್ಲಿದೆ ನೋಡಿ ಅಂತಿದ್ದೀನಿ, ಅಷ್ಟೇ.

'ಡ್ರೈವ್ ಇನ್' ಶುರುವಾದ ಅದೇ 1983ರಲ್ಲಿ ಕರ್ರಾ ಏನು ಮಾಡುತ್ತಿದ್ದಳು ಗೊತ್ತಾ? ಅವಳಿಗಾಗ ನಲವತ್ತು. ರಾಯ್‌ನಲ್ಲಿ ಮಧ್ಯಾಹ್ನದ ಹೊತ್ತು, ಮನೆಗಳಲ್ಲಿ ಒಲೆ ಮೇಲೆ ಅಡುಗೆ ಬೇಯುವ ಸಮಯಕ್ಕೆ, 'ಪ್ರೊಂತೊ, ರಫಾಯೆಲ್ಲಾ?' ಅಂತ ಒಂದು ಶೋ. ಹಲೋ, ರಫಾಯೆಲ್ಲಾನಾ? ಮೇಜಿನ ಮೇಲೆ ಒಂದು ಫೋನು, ಒಂದು ಗಾಜಿನ ಜಾಡಿ, ಅದರ ತುಂಬ ಬೀನ್ಸ್ ಕಾಳು. ಫೋನ್ ಮಾಡಿದವರು ಎಷ್ಟು ಕಾಳಿದೆ ಅಂತ ಊಹಿಸಬೇಕು. ಇಡೀ ದೇಶ ಆ ಕಾಳು ಎಣಿಸೋಕೆ ಕೂತಿತು. ಇದನ್ನು ನೋಡಿ ರಾಯ್ ಅವಳಿಗೆ ಕೋಟಿಗಟ್ಟಲೆ ಲೀರಾದ ಒಪ್ಪಂದ ಕೊಟ್ಟಾಗ ಪ್ರಧಾನಿ ಬೆತ್ತೀನೊ ಕ್ರಾಕ್ಸಿಯೇ ಸಿಡಿದು ಬಿದ್ದ. ಅವಳು ಮಾರನೇ ಮಧ್ಯಾಹ್ನವೂ ಫೋನ್ ಎತ್ತಿದಳು.