ಸ್ವರ್ಗ ಇನ್ನೆಷ್ಟು ಸಲ ಧರೆಗಿಳಿಯಬೇಕು?

ಎರಡು ದಿನ ಕೂತು 31 ಪ್ರವಾಸ ಲೇಖನ ಓದಿ ಈಗಷ್ಟೇ ಎದ್ದೆ. ತಲೆ ಕಾದ ಕಾವಲಿಯಾಗಿದೆ. ತೀರ್ಪುಗಾರನಾಗಿ ಬನ್ನಿ ಅಂತ ಯಾರೇ ಕರೆದರೂ ಇಲ್ಲ ಅನ್ನಲು ಬಾರದ ನನ್ನ ಚಾಳಿ ನಿಮಗೆ ಗೊತ್ತೇ ಇದೆ. ಅನುಭವಿಸಿದೆ.

ಲೆಕ್ಕ ಇಟ್ಟಿದ್ದೇನೆ. 19 ಲೇಖನಗಳಲ್ಲಿ ‘ಸ್ವರ್ಗವೇ ಧರೆಗಿಳಿದಂತೆ’ ಇದೆ. ಬೆಟ್ಟಕ್ಕೆ ಹೋದರೂ ಇಳಿಯಿತು, ಕಡಲಿಗೆ ಹೋದರೂ ಇಳಿಯಿತು, ಮರುಭೂಮಿಯಲ್ಲೂ ಬಿಡಲಿಲ್ಲ. ಪಾಪ, ಹತ್ತಿ ಇಳಿದು ಅದಕ್ಕೂ ಮಂಡಿನೋವು ಬಂದಿರಬೇಕು. ಉಳಿದವುಗಳಲ್ಲಿ ‘ವರ್ಣಿಸಲು ಪದಗಳೇ ಸಾಲದು’. ಪದ ಸಾಲದಿದ್ದರೆ ಬರೆಯೋಕೆ ಯಾಕಪ್ಪಾ ಕೂತೆ?

ಈ ‘ಸ್ವರ್ಗ’ ಬರೋದು ಸೌಂದರ್ಯ ಜಾಸ್ತಿಯಾಗಿ ಅಲ್ಲ. ಮನೆಗೆ ಬಂದು ಮೂರು ವಾರ ಆದ ಮೇಲೆ ಬರೆಯೋಕೆ ಕೂತಾಗ ಕೈಯಲ್ಲಿ ಏನೂ ಇರೋದಿಲ್ಲ, ಅದಕ್ಕೆ ಬರುತ್ತದೆ. ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಜೊತೆಗೆ ಪೆನ್ಸಿಲ್. ಪೆನ್ನಿನ ಶಾಯಿ ಮಳೆಗೆ ಕಲಸಿಹೋಗುತ್ತದೆ. ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಟಿಕೆಟ್ ಎಷ್ಟು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಬೋರ್ಡಿನ ಮೇಲೆ ಏನು ಬರೆದಿತ್ತು (ಕಾಗುಣಿತದ ತಪ್ಪಿನ ಸಮೇತ), ಎಲ್ಲ ಗೀಚಿಕೊಳ್ಳಿ. ಎಷ್ಟೇ ಸುಸ್ತಾಗಿದ್ದರೂ ಅದೇ ರಾತ್ರಿ ಬಿಡಿಸಿ ಬರೆದಿಡಿ. ಮಾರನೇ ದಿನಕ್ಕೆ ಅರ್ಧ ಮರೆತಿರುತ್ತದೆ. ಫೋಟೊ ಇದೆಯಲ್ಲ ಅಂತೀರಿ. ಫೋಟೊದಲ್ಲಿ ವಾಸನೆ ಬರೋದಿಲ್ಲ, ಪಕ್ಕದ ಸೀಟಿನವರು ಏನಂದರು ಅನ್ನೋದೂ ಬರೋದಿಲ್ಲ.

ಪಕ್ಕದ ಸೀಟಿನವರು ಅಂದೆ. ಒಂದನ್ನು ಬಿಟ್ಟರೆ ಈ 31ರಲ್ಲಿ ಮನುಷ್ಯರೇ ಇಲ್ಲ ಸ್ವಾಮಿ! ಜಲಪಾತ ಇದೆ, ಕೋಟೆ ಇದೆ, ಲೇಖಕರ ಸೆಲ್ಫಿ ಇದೆ. ಅಲ್ಲೇ ಹುಟ್ಟಿ ಬೆಳೆದವರು ಒಬ್ಬರೂ ಬಾಯಿ ಬಿಡೋದಿಲ್ಲ. ಸ್ವರ್ಗದಲ್ಲಿ ಮಾತಾಡಬಾರದು ಅಂತ ನಿಯಮ ಇರಬೇಕು. ದಾರಿ ಗೊತ್ತಿದ್ದರೂ ಸುಮ್ನೆ ಒಮ್ಮೆ ದಾರಿ ಕೇಳಿ ನೋಡಿ, ಮಾತು ಅಲ್ಲಿಂದಲೇ ಶುರುವಾಗುತ್ತದೆ. ಅವರ ಹೆಸರು ಹಾಕುವುದಿದ್ದರೆ ಮಾತ್ರ ಒಪ್ಪಿಗೆ ಕೇಳಿ.

ಇನ್ನು ಲೇಖನದ ಶುರುವಾತು. ಬೆಳಗಿನ ಜಾವ ನಾಲ್ಕಕ್ಕೆ ಅಲಾರಾಂ, ಬ್ಯಾಗು, ತಡವಾಗಿ ಬಂದ ಗೆಳೆಯ. ಎರಡು ಪುಟ ಮುಗಿದರೂ ಬಸ್ಸು ಹೊರಟಿರೋದಿಲ್ಲ. ಪುರವಣಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ನನ್ನ ಮೊದಲ ಕೆಲಸವೇ ಮೊದಲ ಎರಡು ಪ್ಯಾರಾ ಹೊಡೆದುಹಾಕೋದು. ಹತ್ತರಲ್ಲಿ ಎಂಟು ಸಲ ಲೇಖನಕ್ಕೆ ಏನೂ ಆಗುತ್ತಿರಲಿಲ್ಲ. ಲೇಖಕರಿಗೆ ಆಗುತ್ತಿತ್ತು, ಅದು ಬೇರೆ ಮಾತು.

ಇಷ್ಟು ಹೇಳಿದರೆ ಓದಿಕೊಂಡ ಹುಡುಗರ ಹತ್ತಿರ ಒಂದು ಉತ್ತರ ಸಿದ್ಧ ಇರುತ್ತದೆ. ‘ಇಬ್ನ್ ಬತೂತ ನೆನಪಿನಿಂದಲೇ ಬರೆಸಲಿಲ್ಲವಾ ಸರ್? ಬೇರೆಯವರದ್ದನ್ನು ಎತ್ತಲಿಲ್ಲವಾ?’ ನಿಜ. 1325ರಲ್ಲಿ ಮೊರೊಕ್ಕೊದ ಟ್ಯಾಂಜಿಯರ್ ಬಿಟ್ಟ ಆ ಪ್ರವಾಸಿ ಸುಮಾರು 30 ವರ್ಷ ತಿರುಗಿ, ಕೊನೆಗೆ ಇಬ್ನ್ ಜುಝಯ್ ಎಂಬವನಿಗೆ ಹೇಳಿ ಬರೆಸಿದ. ಡಮಾಸ್ಕಸ್ ವರ್ಣನೆಯ ಬಹುಪಾಲು ಅವನಿಗಿಂತ ಸುಮಾರು 150 ವರ್ಷ ಮೊದಲು ಓಡಾಡಿದ್ದ ಇಬ್ನ್ ಜುಬೈರನದ್ದು ಅಂತ ವಿದ್ವಾಂಸರು ಹಿಡಿದುಹಾಕಿದ್ದಾರೆ. ಆದರೆ ಮಧ್ಯ ಏಷ್ಯಾದ ಬುಖಾರಾದ ಗೋರಿಗಳ ಮೇಲಿನ ಬರಹವನ್ನು ನಕಲು ಮಾಡಿಕೊಂಡಿದ್ದೆ, ಕಡಲಲ್ಲಿ ದರೋಡೆಯಾದಾಗ ಅದೂ ಹೋಯಿತು ಅಂತ ಬತೂತನೇ ಹೇಳಿಕೊಂಡಿದ್ದಾನೆ. ಅಂದರೆ ಬರೆದಿಟ್ಟುಕೊಂಡಿದ್ದ, ಕಳಕೊಂಡ. ವಾರಾಂತ್ಯಕ್ಕೆ ಹೋಗಿಬಂದ ನಿಮ್ಮ ನೋಟ್‌ಬುಕ್ಕನ್ನು ಯಾವ ಕಡಲ್ಗಳ್ಳ ಹೊತ್ತೊಯ್ದ? ಎತ್ತಿದ ಸಾಲಿನ ಮಾತಂತೂ ಬೇಡ. ಇವತ್ತು ಅದನ್ನು ಹಿಡಿಯೋಕೆ ವಿದ್ವಾಂಸರೂ ಬೇಕಾಗಿಲ್ಲ, ಅರ್ಧ ನಿಮಿಷ ಸಾಕು. ಮೂರು ಲೇಖನಗಳಲ್ಲಿ ಒಂದೇ ಪ್ಯಾರಾ ಇದೆ, ಅಲ್ಪವಿರಾಮ ಕೂಡ ಬದಲಾಗಿಲ್ಲ.

ಸರಿ, ಇಷ್ಟು ಬೈದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. ಅಚ್ಚಾದ ನನ್ನ ಎರಡನೇ ಪ್ರವಾಸ ಲೇಖನದಲ್ಲಿ ಸೂರ್ಯೋದಯದ ವರ್ಣನೆಯೇ ಒಂದು ಪುಟ ಇತ್ತು. ಹೊಂಬಣ್ಣ, ಕೆಂಬಣ್ಣ, ಕೊನೆಗೆ ಹೌದು, ಸ್ವರ್ಗ. ವಾರದ ನಂತರ ಅದೇ ಗುಂಪಿನಲ್ಲಿ ಬಂದಿದ್ದ ಹಿರಿಯರೊಬ್ಬರು ಸಿಕ್ಕಿದರು. ‘ಅವತ್ತು ಮಂಜಿನಲ್ಲಿ ಸೂರ್ಯನೇ ಕಾಣಲಿಲ್ಲವಲ್ಲೋ’ ಅಂದರು, ಅಷ್ಟೇ. ಮಂಜಿನಲ್ಲಿ ನಲವತ್ತು ಜನ ಒಂದೂವರೆ ಗಂಟೆ ಕ್ಯಾಮೆರಾ ಎತ್ತಿ ಹಿಡಿದು ನಿಂತಿದ್ದೆವು. ಒಂದು ಮಗು ‘ಸೂರ್ಯ ರಜೆಯಾ?’ ಅಂತ ಕೇಳಿತ್ತು. ಬರೆಯಬೇಕಾಗಿದ್ದು ಅದನ್ನು. ನಾನು ಬರೆದದ್ದು ಕ್ಯಾಲೆಂಡರಿನ ಚಿತ್ರ. ಈಗಲೂ ಆ ಪತ್ರಿಕೆ ತೆರೆದರೆ ಕಿವಿ ಬಿಸಿಯಾಗುತ್ತದೆ.

ಹಾಂ, ಯಾರೋ ಕರೆದುಕೊಂಡು ಹೋಗಿ ಬಿಟ್ಟಿಯಾಗಿ ಉಳಿಸಿಕೊಂಡಿದ್ದರೆ ಅದನ್ನೂ ಒಂದು ಸಾಲು ಬರೆಯಿರಿ. ನಾಚಿಕೆ ಬೇಡ. ಹಾಸಿಗೆ ಎಷ್ಟು ಮೆತ್ತಗಿತ್ತು ಅಂತ ಮೂರು ಪ್ಯಾರಾ ಹೊಗಳುವಾಗ ಇಲ್ಲದ ನಾಚಿಕೆ ಇಲ್ಯಾಕೆ?

31ರಲ್ಲಿ ಒಂದು ಲೇಖನ ಮಾತ್ರ ನನ್ನ ಕೆಂಪು ಪೆನ್ನನ್ನು ಕೆಳಗಿಡಿಸಿತು. ಬರೆದ ಹುಡುಗಿಗೆ ಕೊನೇ ಬಸ್ಸು ತಪ್ಪಿದೆ. ರಾತ್ರಿಯಿಡೀ ನಿಲ್ದಾಣದಲ್ಲಿ ಕೂತು, ಕಸ ಗುಡಿಸುವ ಅಜ್ಜಿ ಯಾವ ಮೂಲೆಯಿಂದ ಶುರುಮಾಡಿ ಯಾವ ಬೆಂಚನ್ನು ಬೇಕಂತಲೇ ಬಿಟ್ಟರು ಅನ್ನೋದನ್ನು ಬರೆದಿದ್ದಾಳೆ. ಆ ಬೆಂಚಿನ ಮೇಲೆ ಒಬ್ಬ ಮುದುಕ ಮಲಗಿದ್ದ. ಇಡೀ ಲೇಖನದಲ್ಲಿ ಸ್ವರ್ಗ ಎಲ್ಲೂ ಇಳಿದಿಲ್ಲ. ನಾನು ಮೊದಲ ಬಹುಮಾನ ಅಂದೆ. ಇನ್ನಿಬ್ಬರು ತೀರ್ಪುಗಾರರ ತಕರಾರು ಏನು ಗೊತ್ತಾ? ‘ಅವಳು ಆ ಜಾಗಕ್ಕೇ ಹೋಗಿಲ್ಲವಲ್ಲ!’

ನಾಳೆ ಹನ್ನೊಂದಕ್ಕೆ ಮತ್ತೆ ಮೀಟಿಂಗ್ ಇದೆ. ನಾನಂತೂ ಬಿಡೋದಿಲ್ಲ.