ಬೆಕ್ಕು ಖುಲಾಸೆ

ತೀರ್ಥಹಳ್ಳಿ ಕಡೆ ಜೂನ್ ಮಳೆ ಹಿಡಿದರೆ ಬೂಸ್ಟು ಹಿಡಿಯದ ಸಾಮಾನು ಹುಡುಕುವುದೇ ಕಷ್ಟ. ಬೆಲ್ಟು, ಚಪ್ಪಲಿ, ಕೊಡೆಯ ಹಿಡಿ, ಮದುವೆ ಆಲ್ಬಮ್ಮು, ಎಲ್ಲದಕ್ಕೂ ನವಿರಾದ ಬಿಳಿ ಗಡ್ಡ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒರೆಸಿದರಾಯ್ತು, ಮತ್ತೆ ಬಂದರೆ ಮತ್ತೆ ಒರೆಸಿದರಾಯ್ತು.

ತಕರಾರು ಇರುವುದು ನನ್ನ ಮೂಗಿಗೆ. ಬೆಳಿಗ್ಗೆ ಎದ್ದು ಸೀನಲು ಶುರು ಮಾಡಿದರೆ ಕಾಫಿ ಆರಿ ಕೆನೆ ಕಟ್ಟುವವರೆಗೂ ನಿಲ್ಲುವುದಿಲ್ಲ. ಕಾರಣ ಏನು ಎನ್ನುವುದಕ್ಕೆ ಮನೆಯಲ್ಲಿ ಮೂರು ಪಕ್ಷ. ಅಮ್ಮನ ಪ್ರಕಾರ, ನಾನು ಸ್ನಾನ ಮಾಡಿ ತಲೆ ಸರಿಯಾಗಿ ಒರೆಸಿಕೊಳ್ಳುವುದಿಲ್ಲ. ಹೆಂಡತಿಯ ಪ್ರಕಾರ, ಅಟ್ಟದಲ್ಲಿ ನಾನು ಪೇರಿಸಿಟ್ಟ ಹಳೇ ವಾರಪತ್ರಿಕೆಗಳು. ನನ್ನ ಪ್ರಕಾರ, ಅವಳ ಬೆಕ್ಕು.

ಡಾಕ್ಟ್ರು ಮೂರೂ ವಾದ ಕೇಳಿ ಚೀಟಿ ಬರೆದರು. "ಚರ್ಮಕ್ಕೆ ಚುಚ್ಚಿ ನೋಡೋ ಟೆಸ್ಟೂ ಇದೆ. ಆದ್ರೆ ಅದಕ್ಕೆ ಕೆಲವು ದಿನ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸ್ಬೇಕು. ರಕ್ತಕ್ಕೆ ಹಾಗೇನಿಲ್ಲ." ಮಾತ್ರೆ ಇಲ್ಲದ ನನ್ನನ್ನು ಕಂಡಿದ್ದ ಹೆಂಡತಿ, "ರಕ್ತಾನೇ ತೆಗೀಲಿ" ಎಂದಳು.

ರಕ್ತ ಪರೀಕ್ಷೆ ಅಂದಮೇಲೆ ಖಾಲಿ ಹೊಟ್ಟೆ ಎಂದು ಅಮ್ಮನ ಆಜ್ಞೆ. ಲ್ಯಾಬಿನ ಪಕ್ಕದಲ್ಲೇ ಹೋಟೆಲು, ಎಣ್ಣೆಯಿಂದ ಆಗ ತಾನೇ ಎತ್ತಿದ ಬನ್ಸಿನ ವಾಸನೆ. ಲ್ಯಾಬಿನ ಹುಡುಗ ಮೊಣಕೈಗೆ ರಬ್ಬರು ಬಿಗಿದು, ಬೆರಳಲ್ಲಿ ತಟ್ಟಿ ತಟ್ಟಿ, "ನರಾನೇ ಸಿಗ್ತಿಲ್ಲ ಸಾರ್, ತಿಂಡಿ ತಿಂದಿಲ್ವಾ?" ಎಂದ. ಇಲ್ಲ ಎಂದೆ. "ಅಯ್ಯೋ, ಇದಕ್ಕೆ ಖಾಲಿ ಹೊಟ್ಟೆ ಬೇಡ್ವೇ ಬೇಡ!"

ರಕ್ತ ಬೆಂಗಳೂರಿಗೆ ಹೋಗಿ, ರಿಪೋರ್ಟು ಮೊಬೈಲಿಗೆ ಬಂತು. ಅದರಲ್ಲಿ ನೋಡುವುದು ಐಜಿಇ ಎಂಬ ಪ್ರತಿಕಾಯವನ್ನು. ಯಾವುದರ ಮೇಲೆ ನಮ್ಮ ಮೈ ಹಲ್ಲು ಮಸೆಯುತ್ತಿದೆಯೋ ಅದರ ಹೆಸರಿನದೇ ಐಜಿಇ ರಕ್ತದಲ್ಲಿ ಓಡಾಡುತ್ತಿರುತ್ತದಂತೆ. ಸಾಮಾನ್ಯವಾಗಿ 0.35ಕ್ಕಿಂತ ಕಡಿಮೆ ಇದ್ದರೆ ಇಲ್ಲವೆಂದೇ ಲೆಕ್ಕ. ಆಮೇಲೆ 0ಯಿಂದ 6ರವರೆಗೆ ಕ್ಲಾಸು, ಏರಿದಷ್ಟೂ ಐಜಿಇ ಹೆಚ್ಚು. ಬೆಕ್ಕು: ಸೊನ್ನೆ. ಆಲ್ಟರ್ನೇರಿಯಾ ಎಂಬ ಬೂಸ್ಟು: ಕ್ಲಾಸ್ 3. ಕ್ಲಾಡೋಸ್ಪೋರಿಯಂ ಎಂಬ ಇನ್ನೊಂದು: ಕ್ಲಾಸ್ 2. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟನ್ನೂ ಮನೆಯವರು ಇಷ್ಟು ಆಸೆಯಿಂದ ಓದಿರಲಿಲ್ಲ. ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಂಡೇ ಹೆಂಡತಿ ಆಲ್ಟರ್ನೇರಿಯಾ ಅನ್ನುವುದನ್ನು ಒಂದಕ್ಷರ ತಪ್ಪದೆ ಬಾಯಿಪಾಠ ಮಾಡಿದಳು.

ಡಾಕ್ಟ್ರು ಮಾತ್ರ ಅಷ್ಟು ಉತ್ಸಾಹ ತೋರಿಸಲಿಲ್ಲ. "ಬರೀ ನಂಬರ್ ನೋಡಿ ಹೇಳೋಕಾಗಲ್ಲ. ಕೆಲವರಿಗೆ ರಿಪೋರ್ಟಲ್ಲಿ ಪಾಸಿಟಿವ್ ಇರುತ್ತೆ, ಒಂದು ಸೀನೂ ಬರಲ್ಲ. ನಿಮಗೆ ಎರಡೂ ತಾಳೆ ಆಗ್ತಿದೆ. ಬೂಸ್ಟಿಂದ ದೂರ ಇರಿ." ಹೀಗೆನ್ನುವಾಗ ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ, ಸೀಲಿಂಗಿನಿಂದ ಕ್ಯಾಲೆಂಡರಿನವರೆಗೆ ಹಸಿರುಗಪ್ಪು ಮಚ್ಚೆ ಇಳಿದಿತ್ತು. ನಾನು ಅದನ್ನು ನೋಡಿದೆ. ಅವರೂ ತಿರುಗಿ ನೋಡಿದರು. ಸೀನಿದ್ದು ನಾನೇ. ಮಲೆನಾಡಲ್ಲಿದ್ದು ಬೂಸ್ಟಿಂದ ದೂರ ಇರಿ ಅಂದ್ರೆ ಸೆಪ್ಟೆಂಬರ್‌ವರೆಗೆ ಬಳ್ಳಾರಿಗೆ ಹೋಗಿ ಅಂದ ಹಾಗೆ, ಅಲ್ವಾ?

ಮನೆಗೆ ಬರುವಷ್ಟರಲ್ಲಿ ಅಟ್ಟಕ್ಕೆ ಏಣಿ ಹಾಕಿತ್ತು. "ಇವತ್ತೇ ಎಲ್ಲಾ ಇಳಿಸಿ, ಒರೆಸಿ" ಎಂದಳು. ನಾನು ಗಂಭೀರವಾಗಿ ಚೀಟಿ ತೆಗೆದೆ. ಕೊನೆಯ ಸಾಲಿನಲ್ಲಿ ಡಾಕ್ಟ್ರ ಸ್ವಂತ ಅಕ್ಷರದಲ್ಲೇ ಇತ್ತು: ಅಲರ್ಜಿ ಇರುವವರು ಬೂಸ್ಟು ಒರೆಸಬಾರದು, ಬೇರೆಯವರಿಂದ ಮಾಡಿಸಬೇಕು.

ಅವಳು ಏಣಿ ನೋಡಿದಳು, ಅಟ್ಟ ನೋಡಿದಳು, ಚೀಟಿಯನ್ನು ಇನ್ನೊಮ್ಮೆ ಓದಿದಳು.

"ರೀ, ಆ ಲ್ಯಾಬಿನ ಹುಡುಗನ ನಂಬರ್ ಕೊಡಿ. ನನಗೂ ಯಾಕೋ ಮೂಗು ಕಟ್ಟಿದ ಹಾಗಿದೆ."