ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಓಸಿಐ ಕಾರ್ಡ್ ಹೊಸದಾಗಿ ಮಾಡಿಸಬೇಕಿಲ್ಲ

ವಿದೇಶಿ ಪಾಸ್‌ಪೋರ್ಟ್ ನವೀಕರಿಸಿದಾಗಲೆಲ್ಲ ಕಾನ್ಸುಲೇಟ್ ಮೂಲಕ ಹೊಸ ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಗುರುತಿನ ಕಾರ್ಡ್) ಪಡೆಯಬೇಕು, ಇಲ್ಲವಾದರೆ ವಿಮಾನ ಹತ್ತಿಸುವುದಿಲ್ಲ ಎಂಬ ಸಂದೇಶ ಕುಟುಂಬದ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. 2021ರಲ್ಲೇ ಭಾರತ ಸರ್ಕಾರ ನಿಯಮ ಸಡಿಲಿಸಿದೆ.

20 ವರ್ಷ ತುಂಬುವ ಮೊದಲೇ ಓಸಿಐ ಪಡೆದವರು, 20 ದಾಟಿದ ಮೇಲೆ ಮೊದಲ ಪಾಸ್‌ಪೋರ್ಟ್ ಸಿಕ್ಕಾಗ ಒಮ್ಮೆ ಮಾತ್ರ ಕಾರ್ಡ್ ಬದಲಿಸಬೇಕು. 20ರ ನಂತರ ನೋಂದಾಯಿಸಿಕೊಂಡವರಿಗೆ ಅದೂ ಬೇಡ.

ಆದರೆ ಸುಮ್ಮನೆ ಕೂರುವಂತಿಲ್ಲ. 20ರೊಳಗೆ ಪ್ರತಿ ಹೊಸ ಪಾಸ್‌ಪೋರ್ಟ್ ಬಂದಾಗಲೂ, 50 ದಾಟಿದ ಮೇಲೆ ಒಂದು ಸಲವೂ, ಪಾಸ್‌ಪೋರ್ಟ್ ಪ್ರತಿ ಮತ್ತು ಇತ್ತೀಚಿನ ಫೋಟೋವನ್ನು ಸರ್ಕಾರಿ ಓಸಿಐ ಪೋರ್ಟಲ್‌ಗೆ ಮೂರು ತಿಂಗಳೊಳಗೆ ಏರಿಸಬೇಕು. ಶುಲ್ಕವಿಲ್ಲ. ಎಡವುವುದು ಇಲ್ಲೇ: ದಾಖಲೆ ಏರಿಸುವ ಉಚಿತ ಆಯ್ಕೆಯ ಬದಲು ಮರುವಿತರಣೆಯ ಅರ್ಜಿ ತೆರೆದರೆ ಶುಲ್ಕ, ಕೊರಿಯರ್, ಕಾಯುವಿಕೆ ಎಲ್ಲವೂ ಅನಗತ್ಯವಾಗಿ ಮೈಮೇಲೆ ಬೀಳುತ್ತದೆ.

ಆದರೆ ಮದುವೆಯ ನಂತರ ಹೆಸರು ಬದಲಾಗಿದ್ದರೆ ಮರುವಿತರಣೆಯೇ ದಾರಿ. ಹಳೆಯ ಪಾಸ್‌ಪೋರ್ಟ್ ಜೊತೆಗೊಯ್ಯುವುದು ಈಗ ಕಡ್ಡಾಯವಲ್ಲ. ಹೊಸ ಪಾಸ್‌ಪೋರ್ಟ್ ಮತ್ತು ಓಸಿಐ ಕಾರ್ಡ್ ಎರಡೂ ಕೈಯಲ್ಲಿರಲೇಬೇಕು.